ಆ ಒಂದು "ಆದ್ರೂ"

ಹೋದ ವಾರ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಮಗಳ ಮಾರ್ಕ್ಸ್ ಕಾರ್ಡ್ ನೋಡಿ ಖುಷಿಯಾಗಿದ್ದ ಒಬ್ಬರು ನನ್ನ ಹತ್ತಿರ ಬಂದು ಹೇಳಿದರು, "ಮೇಡಂ, ನೀವು ಕ್ರಿಶ್ಚಿಯನ್ಸ್ ಅಂತೆ. ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಹೇಳ್ಕೊಡ್ತೀರಿ!" ಹೊಗಳಬೇಕು ಅಂತಲೇ ಹೇಳಿದ ಮಾತು. ನಾನೂ ನಕ್ಕು ಥ್ಯಾಂಕ್ಸ್ ಅಂದೆ. ಮನೆಗೆ ಬಂದ ಮೇಲೂ ಆ "ಆದ್ರೂ" ಮನಸ್ಸಿನಿಂದ ಹೋಗಲಿಲ್ಲ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷವೂ ಈ ಪದ ನನ್ನ ಹಿಂದೆಯೇ ಬಂದಿದೆ. ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮೂರು ಚಳ್ಳಕೆರೆ ಕಡೆ. ನಮ್ಮಜ್ಜಿಗೆ ಚಿಕ್ಕಂದಿನಲ್ಲಿ ಶಾಲೆ ಸಿಗಲಿಲ್ಲ. ನಮ್ಮ ಕೇರಿ ಯಾವುದು ಅಂತ ಗೊತ್ತಿದ್ದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ನಲವತ್ತು ದಾಟಿದ ಮೇಲೆ ಅಜ್ಜಿ ಅಕ್ಷರ ಕಲಿತಳು, ಬೈಬಲ್ ಓದಬೇಕು ಅಂತ. ಭಾನುವಾರದ ಆರಾಧನೆ ಮುಗಿದ ಮೇಲೆ ಸಭಾಪಾಲಕರ (ನಮ್ಮ ಚರ್ಚಿನ ಪಾದ್ರಿಯ) ಹೆಂಡತಿ ಸ್ಲೇಟು ಹಿಡಿದು ಕಲಿಸಿದರಂತೆ. ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಅವಳು ಮೊದಲು ಓದಿದ್ದು 23ನೇ ಕೀರ್ತನೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು."

ಈ ಸಾಲನ್ನು ಚಳ್ಳಕೆರೆ ಸೀಮೆಯಲ್ಲಿ ಕೂತು ಓದಬೇಕು. ನಮ್ಮ ಕಡೆ ಕುರುಬ ಅಂದರೆ ಕ್ಯಾಲೆಂಡರ್ ಚಿತ್ರದ ಬಿಳಿ ನಿಲುವಂಗಿಯವನಲ್ಲ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಮುಂದೆ ಕುರಿಮಂದೆ. ಮೇವು ತೀರಿದರೆ ಮಂದೆ ಹೊಡೆದುಕೊಂಡು ಊರೂರು ತಿರುಗುವವನು. ರಾತ್ರಿ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿ ಅಲ್ಲೇ ಮಲಗುವವನು. ದಾರಿಯಲ್ಲಿ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ನಡೆಯುವವನು. ಮುಂದಿನ ಸಾಲಿನಲ್ಲಿ "ಹಸುರುಗಾವಲು" ಅನ್ನುವ ಪದ ಬರುತ್ತದೆ. ಕಾವಲು ಅಂದರೆ ಏನು ಅಂತ ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಮೃತಮಹಲ್ ಕಾವಲು, ಅಂದರೆ ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲು, ನಮ್ಮೂರ ಪಕ್ಕದಲ್ಲೇ ಇತ್ತು. (ಈಗ ಅದರಲ್ಲಿ ಬಹಳಷ್ಟು ಬೇಲಿಯೊಳಗೆ ಹೋಗಿದೆ. ಅದು ಬೇರೆಯೇ ನೋವು.) ಮಳೆ ಕಾಣದ ಸೀಮೆಯಲ್ಲಿ ಕಾವಲು ಹಸಿರಾಗಿದೆ ಅನ್ನುವುದೇ ಒಂದು ದೊಡ್ಡ ಸುದ್ದಿ. ಅಜ್ಜಿ ಅದನ್ನು ಓದಿ ಹೇಳುತ್ತಿದ್ದದ್ದು ಇಷ್ಟೇ, "ಕುರುಬಣ್ಣ ಮರೀನ ಬಿಟ್ಟು ಹೋಗಲ್ಲ ಕಣವ್ವ."

ಕ್ರೈಸ್ತ ನಂಬಿಕೆ ಕನ್ನಡದ ಜನರಿಗೆ ಏನು ಮಾಡಿತು ಅಂತ ಎಲ್ಲರೂ ಕೇಳುತ್ತಾರೆ. ಕನ್ನಡ ಆ ನಂಬಿಕೆಗೆ ಏನು ಮಾಡಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಎರಡನೆಯದೇ ಮುಖ್ಯ. ನಮ್ಮಜ್ಜಿಯ ದೇವರು ಕಂಬಳಿ ಹೊದ್ದಿದ್ದ. ಆ ಕಂಬಳಿ ಕೊಟ್ಟದ್ದು ಕನ್ನಡ.

ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಪಕ್ಕದ ಬಳ್ಳಾರಿಗೆ ಬಂದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿತ್ತು. ಆಮೇಲೆ ಬಂದವರು ಅದನ್ನು ಎಷ್ಟೋ ಸಲ ತಿದ್ದಿದರು. ಒಂದೊಂದು ಪದಕ್ಕೂ ಅವರು ಇಲ್ಲಿಯ ಮಾತನ್ನೇ ಹುಡುಕಬೇಕಾಯಿತು. ಶಿಲುಬೆ ಸಿರಿಯಾಕ್ ಮೂಲದ್ದು, ಪಾದ್ರಿ ಮತ್ತು ಇಗರ್ಜಿ (ಚರ್ಚು) ಪೋರ್ಚುಗೀಸರಿಂದ ಬಂದವು, ಸರಿ. ಆದರೆ ನಾವು ದಿನಾ ಆಡುವ ಕೃಪೆ, ಸ್ತೋತ್ರ, ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಎಲ್ಲಿಂದ ಬಂದವು? ಆರಾಧನೆಯಲ್ಲಿ ಕೊಡುವ ರೊಟ್ಟಿಗೆ ಕೆಥೋಲಿಕರು ಪರಮಪ್ರಸಾದ ಅನ್ನುತ್ತಾರೆ. ಪ್ರಸಾದ, ದೀಕ್ಷೆ ಅನ್ನುವ ಮಾತು ಮಠಗಳ ಈ ನಾಡಿನಲ್ಲಿ ಯಾವ ಮನೆಗೆ ಹೊಸದು ಹೇಳಿ.

"ಅವರು ಬಂದದ್ದು ಮತಾಂತರಕ್ಕೆ, ಕನ್ನಡದ ಮೇಲಿನ ಪ್ರೀತಿಯಿಂದ ಅಲ್ಲ" ಅಂತ ಕೆಲವರು ಹೇಳುತ್ತಾರೆ. ಬಂದದ್ದು ಮತ ಹರಡಲಿಕ್ಕೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಇಲ್ಲಿಯ ದೇವರುಗಳನ್ನು ಹೀಯಾಳಿಸಿ ಬರೆದ ಕರಪತ್ರಗಳೂ ಇದ್ದವು. ಅದು ತಪ್ಪು, ಅದರ ಬಗ್ಗೆ ನನಗೆ ನಾಚಿಕೆ ಇದೆ. ಆದರೆ ಕೆಲಸಕ್ಕೂ ಒಂದು ಸೆಳೆತ ಇರುತ್ತದೆ. ಯಾವುದಕ್ಕೋ ಅಂತ ಶುರು ಮಾಡಿದವನನ್ನು ಅದು ಬೇರೆಲ್ಲಿಗೋ ಕರೆದುಕೊಂಡು ಹೋಗುತ್ತದೆ. 1853ರಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಕಿಟೆಲ್ ಅವರಿಗೆ ಉಪದೇಶಕ್ಕೆ ಸಾಲುವಷ್ಟು ಕನ್ನಡ ಸಾಕಿತ್ತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಹಸ್ತಪ್ರತಿಗಳಿಂದ ಎತ್ತಿ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಹಳಗನ್ನಡದ ಛಂದಸ್ಸು ತಿದ್ದುತ್ತಾ ಕೂತವನಿಗೆ ಭಾಷೆಯ ಮೇಲೆ ಪ್ರೀತಿ ಇರಲಿಲ್ಲ ಅಂತ ನನ್ನಿಂದ ಹೇಳಲಾಗದು.

ಇನ್ನು ಶಾಸನಗಳನ್ನು ಹುಡುಕಿ ಓದಿದ ಬಿ.ಎಲ್. ರೈಸ್. ಅವರು ಪಾದ್ರಿಯಲ್ಲ, ಸರ್ಕಾರಿ ಅಧಿಕಾರಿ. ಆದರೆ ಪಾದ್ರಿಯ ಮಗ, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದದ್ದು ಅವರು. ಅವರು ಹೊರತಂದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಪೂರ್ತಿ ನಮ್ಮ ಚಿತ್ರದುರ್ಗ ಜಿಲ್ಲೆಯದು. ಆಗ ದಾವಣಗೆರೆ ಅದರೊಳಗೇ ಇತ್ತು.

ನಾನು ತರಗತಿಯಲ್ಲಿ ತಪ್ಪದೆ ಹೇಳುವ ಹೆಸರು ಮಾತ್ರ ಬೇರೆ. ರೆವರೆಂಡ್ ಉತ್ತಂಗಿ ಚನ್ನಪ್ಪ. ಸರ್ವಜ್ಞನ ತ್ರಿಪದಿ ಹೇಳು ಅಂದರೆ ಮಕ್ಕಳು ಸಾಲಾಗಿ ಕೈ ಎತ್ತುತ್ತಾರೆ. ಆ ತ್ರಿಪದಿಗಳನ್ನು ಹಸ್ತಪ್ರತಿಗಳಿಂದ, ಜನರ ಬಾಯಿಂದ ಹುಡುಕಿ, ಎರಡು ಸಾವಿರದ ಹತ್ತಿರ ಸೇರಿಸಿ, 1924ರಲ್ಲಿ ಪುಸ್ತಕ ಮಾಡಿದವರು ಒಬ್ಬ ಕ್ರೈಸ್ತ ಪಾದ್ರಿ ಅಂದರೆ ಇಡೀ ಕ್ಲಾಸು ಸುಮ್ಮನಾಗುತ್ತದೆ. ಚರ್ಚಿನ ಕೆಲಸದ ನಡುವೆ, ಸ್ವಂತ ದುಡ್ಡು ಸುರಿದು, ಬಡತನ ಹೊತ್ತುಕೊಂಡು ಮಾಡಿದ ಕೆಲಸ ಅದು. ಅಷ್ಟಕ್ಕೇ ಮುಗಿಯಲಿಲ್ಲ. ಅನುಭವ ಮಂಟಪ ಬರೀ ಕಲ್ಪನೆ ಅನ್ನುವ ಮಾತು ಎದ್ದಾಗ, ಅದು ನಿಜವಾಗಿ ಇತ್ತು ಅಂತ ಆಧಾರ ಹುಡುಕಿ ಪುಸ್ತಕ ಬರೆದರು. ಶರಣರ ಪರವಾಗಿ ಒಬ್ಬ ಪಾದ್ರಿ ನಿಂತರು! ದಾವಣಗೆರೆ ಚಿತ್ರದುರ್ಗದವರಿಗೆ ಇದಕ್ಕಿಂತ ಹತ್ತಿರದ ಮಾತು ಇನ್ನೇನಿದೆ? 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಜನ ಅವರನ್ನು "ತಿರುಳ್ಗನ್ನಡದ ತಿರುಕ" ಅಂತ ಕರೆದರು. ನಮ್ಮ ಮಲ್ಲಾಡಿಹಳ್ಳಿ ಸ್ವಾಮೀಜಿಯವರೂ "ತಿರುಕ" ಅಂತಲೇ ಬರೆಯುತ್ತಿದ್ದರು. ಇಬ್ಬರಿಗೂ ಒಂದೇ ಹೆಸರು ಸಿಕ್ಕಿದ್ದು ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ಕ್ರೈಸ್ತರಲ್ಲದವರ ಕಡೆಯಿಂದಲೂ ಹೀಗೆ ಬಂದವರಿದ್ದಾರೆ. ಶಿಲುಬೆಯ ಮೇಲಿನ ಯೇಸುವಿನ ಕೊನೆಯ ದಿನವನ್ನು "ಗೊಲ್ಗೊಥಾ" ಅಂತ ಕಾವ್ಯ ಮಾಡಿದವರು ಮಂಜೇಶ್ವರದ ಗೋವಿಂದ ಪೈ, ಕ್ರೈಸ್ತರಲ್ಲ. ಗುಡ್ ಫ್ರೈಡೆ ಬಂದಾಗ ಅದನ್ನು ನಾನು ಜೋರಾಗಿ ಓದಿಕೊಳ್ಳುತ್ತೇನೆ. ಇತ್ತ ನಮ್ಮವರೇ ಆದ ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರು ಶರಾವತಿಯಲ್ಲಿ ಮುಳುಗಿದ ಊರುಗಳ ಜನರಿಗೆಲ್ಲ ದನಿಯಾದರು, ಬರೀ ಇಗರ್ಜಿಯ ಜನರಿಗಲ್ಲ.

ಪುಸ್ತಕ ಓದದವರಿಗೂ ಇದು ಗೊತ್ತು. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋಗಿ ನೋಡಿ. ನಾವು ಪ್ರೊಟೆಸ್ಟೆಂಟರು, ನಮ್ಮ ಚರ್ಚಿನಲ್ಲಿ ಮೇರಿ ಮಾತೆಗೆ ಹರಕೆ ಹೊರುವುದಿಲ್ಲ. ಆದರೆ ಪಕ್ಕದ ಮನೆಯ ಲಿಂಗಾಯತ ಅಕ್ಕ ಪ್ರತಿ ವರ್ಷ ಹೋಗುತ್ತಾರೆ, ನನ್ನನ್ನೂ ಕರೆಯುತ್ತಾರೆ. ಅವರ ಕೊರಳಲ್ಲಿ ಲಿಂಗ, ಕೈಯಲ್ಲಿ ಮೇಣದಬತ್ತಿ. ಮಾತೆಯ ವಿಗ್ರಹ ತುಂಗಭದ್ರೆಯಲ್ಲಿ ಸಿಕ್ಕಿತು ಅಂತ ಅಲ್ಲಿಯವರು ಹೇಳುತ್ತಾರೆ. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಕಡೆದ ಊರು ಅದು. ಹೊಳೆಯಲ್ಲಿ ಬಂದ ಅಮ್ಮನನ್ನು ಬೇರೆಯವಳು ಅಂದೀತೇ?

ಇಷ್ಟು ಹೇಳಿ ನಮ್ಮವರಿಗೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಪೋಷಕರ "ಆದ್ರೂ"ಗೆ ನಾವೂ ಕಾರಣ. ನಮ್ಮ ಮಕ್ಕಳಿಗೆ ಕನ್ನಡ ಬೈಬಲ್ ಓದಲು ಬರುವುದಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಓದುತ್ತಾರೆ. ಯುವಜನರ ಕೂಟದಲ್ಲಿ ಗಿಟಾರ್ ಜೊತೆ ಇಂಗ್ಲಿಷ್ ಹಾಡುಗಳೇ ಜಾಸ್ತಿ. ಗಿಟಾರ್ ಬೇಡ ಅನ್ನುತ್ತಿಲ್ಲ. ಹಳೆಯ ಹಾಡಿನ ಪುಸ್ತಕದಲ್ಲಿ ಪರದೇಶದ ರಾಗಕ್ಕೆ ಕನ್ನಡ ಎಳೆದು ಕೂರಿಸಿದ ಹಾಡುಗಳಿವೆ, ಹ್ರಸ್ವ ಬರುವ ಕಡೆ ದೀರ್ಘ ಎಳೆಯಬೇಕಾಗುತ್ತದೆ. ಮಕ್ಕಳಿಗೆ ಬೇಜಾರಾಗುವುದು ನನಗೆ ಅರ್ಥವಾಗುತ್ತದೆ. ಆದರೆ ಅದೇ ಪುಸ್ತಕದ ಕೊನೆಯ ಪುಟಗಳಲ್ಲಿ ಭಜನೆಯ ಧಾಟಿಯ ಹಾಡುಗಳೂ ಇವೆ. ತಾಳ ಹಿಡಿದರೆ ಯಾರೂ ಸುಮ್ನೆ ಕೂರಲಾರರು. ಅವನ್ನು ಹಾಡಿ ಎಷ್ಟು ವರ್ಷ ಆಯಿತು? "ಯೆಹೋವನು ನನಗೆ ಕುರುಬನು" ಅನ್ನುವುದನ್ನು ನಮ್ಮ ಮೊಮ್ಮಕ್ಕಳು ಇಂಗ್ಲಿಷಿನಲ್ಲೇ ಕಲಿತರೆ, ಆ ಕುರುಬನ ಹೆಗಲ ಮೇಲೆ ಕಂಬಳಿ ಇರುವುದಿಲ್ಲ. ನನಗೆ ಅದು ಸಣ್ಣ ನಷ್ಟ ಅನ್ನಿಸುವುದಿಲ್ಲ.

ಈ ಸಲ ಕ್ರಿಸ್ಮಸ್‌ಗೆ ಮನೆಮನೆಗೆ ಹಾಡಲು ಹೋಗುವ ಮಕ್ಕಳಿಗೆ ನಾಲ್ಕಾದರೂ ಕನ್ನಡ ಹಾಡು ಕಲಿಸಬೇಕು ಅಂತ ಹೊರಟಿದ್ದೇನೆ. ಡಿಸೆಂಬರ್ ಮೊದಲ ಶನಿವಾರದಿಂದ ಸಂಜೆ ನಮ್ಮ ಮನೆ ಮಹಡಿಯ ಮೇಲೆ ಪ್ರಾಕ್ಟೀಸ್. ಪಕ್ಕದ ಮನೆ ಅಕ್ಕನ ಮಗ ತಬಲಾ ನುಡಿಸಲು ಒಪ್ಪಿದ್ದಾನೆ. ನಮ್ಮ ಮನೆಯಲ್ಲಿ ಹಳೆಯ ಹಾರ್ಮೋನಿಯಂ ಇದೆ, ನುಡಿಸುವವರು ಇಲ್ಲ. ದಾವಣಗೆರೆಯಲ್ಲಿ ಯಾರಿಗಾದರೂ ಬರುತ್ತಿದ್ದರೆ, ಯಾವ ಜಾತಿ ಯಾವ ಮತದವರಾದರೂ ಸರಿ, ಇನ್‌ಬಾಕ್ಸಿಗೆ ಒಂದು ಮಾತು ಹಾಕಿ.