ಬಾಣಲೆ ಮುಂದೆ ಕೈಕಟ್ಟಿ ನಿಲ್ಲೋದು

ಸಿಹಿ ಹುಳಿ ಚಿಕನ್ ಅಂದ್ರೆ ಅಡುಗೆ ಬರದವರ ಅಡುಗೆ ಅಂತ ಎಲ್ಲರೂ ಹೇಳ್ತಾರೆ, ಒಂದೇ ಪ್ಯಾನು, ಹೆಚ್ಚು ಅಂದ್ರೆ 25 ನಿಮಿಷ, ರುಬ್ಬೋದಿಲ್ಲ ಅರೆಯೋದಿಲ್ಲ. ನಿಜಾನೇ. ಅರ್ಧ ಕೆಜಿ ಬೋನ್‌ಲೆಸ್ ಚಿಕನ್, 3 ಚಮಚ ಜೇನುತುಪ್ಪ, 2 ಚಮಚ ವಿನಿಗರ್, 1 ಚಮಚ ಸೋಯಾ ಸಾಸ್, ನಾಲ್ಕೈದು ಎಸಳು ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸು, ಕೊನೇಲಿ ಒಂಚೂರು ಬೆಣ್ಣೆ, ಮುಗೀತು. ಆದ್ರೂ ಇದನ್ನ ನಾನು ಮೊದಲ ನಾಲ್ಕೈದು ಸಲ ಕೆಡಿಸಿದೀನಿ, ಅದೂ ಏನೋ ಮಾಡೋದು ಮರೆತು ಅಲ್ಲ, ಸುಮ್ನಿರಬೇಕಾದಾಗ ಏನೋ ಒಂದು ಮಾಡಿ. ನನ್ನ ಕೈಗೆ ಸುಮ್ನಿದ್ದು ಅಭ್ಯಾಸ ಇಲ್ಲ.

ಶುರುನಲ್ಲಿ ಮಾತ್ರ ಆ ಕೈಗೆ ಸರಿಯಾದ ಕೆಲಸ ಇದೆ, ಒರೆಸೋದು. ಚಿಕನ್ ಪೀಸ್‌ಗಳನ್ನ ಟಿಶ್ಯೂ ಇಟ್ಟು ಒತ್ತಿ ಒತ್ತಿ ಒದ್ದೆ ತೆಗೀಬೇಕು, ಒಂದು ಹನಿ ಮಿನುಗಬಾರದು ಅನ್ನೋ ಹಾಗೆ. ಮುಂಚೆ ನಾನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದು ಹಾಗೇ ಪ್ಯಾನ್‌ಗೆ ಹಾಕ್ತಿದ್ದೆ, ಎರಡೂ ತಪ್ಪು. ತೊಳೆದ್ರೆ ಆ ನೀರು ಸಿಂಕ್ ಸುತ್ತ ಸಿಡಿದು ಹಸಿ ಮಾಂಸದ ಬ್ಯಾಕ್ಟೀರಿಯಾನ ಪಕ್ಕದ ತಟ್ಟೆ ಲೋಟಕ್ಕೆಲ್ಲ ಹಂಚುತ್ತೆ, ಅವು ಸಾಯೋದು ಬಿಸಿಗೆ, ನಲ್ಲಿ ನೀರಿಗಲ್ಲ. ಇನ್ನು ಒದ್ದೆ ಪೀಸ್ ಪ್ಯಾನ್‌ಗೆ ಬಿದ್ರೆ ನೀರು ಇರೋವರೆಗೂ ಅದರ ಮೈ 100 ಡಿಗ್ರಿ ದಾಟಲ್ಲ, ಮಾಂಸ ಕಂದು ತಿರುಗೋಕೆ ಸುಮಾರು 140 ಬೇಕು. ಹಾಗಾಗಿ ಅದು ಹುರಿಯಲ್ಲ, ಬೇಯುತ್ತೆ, ಬೂದಿ ಬಣ್ಣದ ಬೇಜಾರಿನ ಚಿಕನ್.

ಎದೆ ಪೀಸಾ ತೊಡೆ ಪೀಸಾ ಅನ್ನೋ ಜಗಳಕ್ಕೆ ಜಾಸ್ತಿ ಹೊತ್ತು ಕೊಡಲ್ಲ, ತೊಡೆ. ಎದೆ ಪೀಸ್ ಒಳಗಿನ ಬಿಸಿ 74 ಡಿಗ್ರಿ ದಾಟಿ ಸ್ವಲ್ಪ ಮುಂದೆ ಹೋದ್ರೆ ಹತ್ತಿ ಅಗಿದ ಹಾಗೆ, ತೊಡೆ ಇನ್ನೂ ಹತ್ತು ಡಿಗ್ರಿ ಮೇಲೆ ಹೋದ್ರೂ ಬೇಜಾರು ಮಾಡ್ಕೊಳ್ಳಲ್ಲ. ನನ್ನಂಥವನಿಗೆ ಕ್ಷಮಿಸೋ ಗುಣ ಇರೋ ಮಾಂಸಾನೇ ಬೇಕು.

ಈಗ ಅಸಲಿ ಪರೀಕ್ಷೆ. ಪ್ಯಾನ್ ಕಾದಿದ್ಯಾ ನೋಡೋಕೆ ಎಣ್ಣೆಗೆ ಮುಂಚೆ ಒಂದು ಹನಿ ನೀರು ಬಿಡ್ತೀನಿ, ಸುಮಾರಾಗಿ ಕಾದಿದ್ರೆ ಚುಯ್ ಅಂತ ಅಲ್ಲೇ ಆರಿಹೋಗುತ್ತೆ, ಇನ್ನೂ ಚೆನ್ನಾಗಿ ಕಾದಿದ್ರೆ ಅದೇ ಹನಿ ಗೋಲಿ ತರ ಉರುಳಾಡುತ್ತೆ, ತನ್ನದೇ ಆವಿ ಮೇಲೆ ತೇಲ್ಕೊಂಡು. 1756ರಲ್ಲೇ ಲೈಡನ್‌ಫ್ರಾಸ್ಟ್ ಅನ್ನೋ ಜರ್ಮನ್ ಡಾಕ್ಟರ್ ಇದರ ಬಗ್ಗೆ ಬರೆದಿಟ್ಟಿದ್ದಾರೆ, ಅಂದ್ರೆ ಒಲೆ ಮುಂದೆ ನಿಂತು ನೀರು ಚಿಮುಕಿಸಿ ಹೊತ್ತು ಕಳೆಯೋನು ನಾನೊಬ್ಬನೇ ಅಲ್ಲ. ನೀರು ಪೂರ್ತಿ ಆರಿದ ಮೇಲೆ ಉರಿ ಒಂಚೂರು ತಗ್ಗಿಸಿ ಎಣ್ಣೆ, ಎಣ್ಣೆ ಮೇಲೆ ಚಿಕನ್. ಆಮೇಲೆ ಐದಾರು ನಿಮಿಷ ಮುಟ್ಟಬಾರದು.

ಐದು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗಬೇಕಾದ್ರೆ ಸಟ್ಟುಗ ಕೈಯಲ್ಲಿ ಹಿಡ್ಕೊಂಡು ಬಾಣಲೆ ಮುಂದೆ ನಿಂತು ನೋಡಿ. ಮೊದಲನೇ ನಿಮಿಷಕ್ಕೇ ತಳ ಹಿಡೀತಾ ಇದೆಯೇನೋ ಅಂತ ಅನುಮಾನ, ಎರಡನೇ ನಿಮಿಷಕ್ಕೆ ಸೀದ ವಾಸನೆ ಬಂದ ಹಾಗೆ ಭ್ರಮೆ, ಮೂರನೇ ನಿಮಿಷಕ್ಕೆ ಕೈ ತಾನಾಗೇ ಹೋಗಿ ಅಂಚು ಎತ್ತಿ ನೋಡುತ್ತೆ. ಎತ್ತಿದ್ರೆ ಬರಲ್ಲ, ಎಳೆದ್ರೆ ಮೇಲಿನ ಪದರ ಕಿತ್ತು ಪ್ಯಾನ್‌ಗೇ ಅಂಟ್ಕೊಂಡು ಉಳಿಯುತ್ತೆ. ಒಂದ್ಸಲ ವಿಡಿಯೋ ಕಾಲ್‌ನಲ್ಲಿ ಅಕ್ಕ ಇದನ್ನ ನೋಡ್ತಾ ಇದ್ಲು.

"ಏಯ್, ಕೈ ತೆಗಿಯೋ. ಯಾಕೋ ಅದನ್ನ ಹಂಗೆ ಕೆದಕ್ತೀಯ?"

"ಅಂಟ್ಕೊಂಡಿದೆ ಕಣೇ ಅಕ್ಕ."

"ಅಂಟ್ಕೊಂಡಿದ್ರೆ ಇನ್ನೂ ಆಗಿಲ್ಲ ಅಂತ. ಆದ್ಮೇಲೆ ಅದೇ ಬಿಟ್ಕೊಳ್ಳುತ್ತೆ, ನೀನು ಬಿಡು ಮೊದ್ಲು."

ಅವಳು ಹೇಳಿದ್ದು ಸರಿ. ಹಸಿ ಮಾಂಸದ ಪ್ರೋಟೀನು ಬಿಸಿ ಲೋಹಕ್ಕೆ ಕಚ್ಕೊಳ್ಳುತ್ತೆ, ಕಂದು ಪದರ ಕಟ್ಟಿದ ಮೇಲೆ ತಾನೇ ಸಡಿಲ ಆಗುತ್ತೆ, ಆಗ ಪ್ಯಾನ್ ಅಲ್ಲಾಡಿಸಿದ್ರೆ ಸಾಕು ಪೀಸ್ ಜಾರುತ್ತೆ. ಹೀಗೆ ಹುರಿದ್ರೆ ರಸ ಒಳಗೇ ಸೀಲ್ ಆಗುತ್ತೆ ಅನ್ನೋ ಮಾತೊಂದಿದೆ, 19ನೇ ಶತಮಾನದಲ್ಲಿ ಲೀಬಿಗ್ ಅನ್ನೋ ಜರ್ಮನ್ ರಸಾಯನ ವಿಜ್ಞಾನಿ ಹಬ್ಬಿಸಿದ್ದು, ಅದು ತಪ್ಪು ಅಂತ ಆಮೇಲೆ ಗೊತ್ತಾಯ್ತು, ಆದ್ರೂ ಅಡುಗೆ ಹೇಳ್ಕೊಡೋರು ಬಿಟ್ಟಿಲ್ಲ. ರಸ ಸೋರುತ್ತೆ, ಆ ಚುರುಚುರು ಸದ್ದೇ ಅದಕ್ಕೆ ಸಾಕ್ಷಿ. ಹುರಿಯೋದು ರುಚಿಗೋಸ್ಕರ. ಸಕ್ಕರೆ ಅಂಶ ಮತ್ತು ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲ ಬಿಸಿಗೆ ಸೇರಿ ಆ ಬಣ್ಣ, ಆ ಘಮ, 1912ರಲ್ಲಿ ಇದನ್ನ ವಿವರಿಸಿದ ಫ್ರಾನ್ಸ್‌ನ ರಸಾಯನ ವಿಜ್ಞಾನಿ ಮಯಾರ್ ಹೆಸರಲ್ಲೇ ಇವತ್ತಿಗೂ ಕರೀತಾರೆ.

ಇಲ್ಲೇ ನನ್ನ ಇನ್ನೊಂದು ಹಳೇ ಪಾಪ ಹೇಳ್ಬೇಕು. ಹೇಗಿದ್ರೂ ಎಲ್ಲಾ ಒಂದೇ ಪ್ಯಾನ್‌ಗೆ ಹೋಗೋದು ತಾನೇ ಅಂತ ಜೇನು, ವಿನಿಗರ್ ಎಲ್ಲಾ ಮೊದಲೇ ಚಿಕನ್ ಜೊತೆ ಸುರಿದಿದ್ದೆ. ಜೇನಲ್ಲಿರೋ ಫ್ರಕ್ಟೋಸು ಅನ್ನೋ ಸಕ್ಕರೆ 110 ಡಿಗ್ರಿ ಆಸುಪಾಸಲ್ಲೇ ಕಂದಾಗೋಕೆ ಶುರು, ಮಾಮೂಲಿ ಸಕ್ಕರೆಗೆ 160 ಬೇಕು, ಹಾಗಾಗಿ ಜೇನು ಸೀದು ಕಪ್ಪಾಯ್ತು. ವಿನಿಗರ್ ಬೇರೆ ದಾರಿ ಹಿಡೀತು, ಹುಳಿ ಇದ್ರೆ ಮಾಂಸ ಕಂದಾಗೋದೇ ನಿಧಾನ. ಒಂದು ಕಡೆ ಸೀದಿದ್ದು, ಒಂದು ಕಡೆ ಬಿಳಿಚಿಕೊಂಡಿದ್ದು, ಒಂದೇ ತಟ್ಟೇಲಿ ಎರಡು ತರದ ಸೋಲು.

ಈಗ ಎರಡೂ ಕಡೆ ಬಣ್ಣ ಬಂದ ಮೇಲೆ ಚಿಕನ್ ತೆಗೆದು ತಟ್ಟೆಗಿಟ್ಟು, ಉರಿ ಸಣ್ಣ ಮಾಡಿ, ಬೆಳ್ಳುಳ್ಳಿ ಅರ್ಧ ನಿಮಿಷ ಬಾಡಿಸಿ, ವಿನಿಗರ್ ಹಾಕ್ತೀನಿ, ಮುಖ ಪಕ್ಕಕ್ಕೆ ತಿರುಗಿಸ್ಕೊಂಡು, ಯಾಕಂದ್ರೆ ಆ ಹೊಗೆ ನೇರ ಮೂಗಿಗೆ ಬಂದ್ರೆ ಕಣ್ಣಲ್ಲಿ ನೀರು, ಗಂಟಲಲ್ಲಿ ಕೆಮ್ಮು. ತಳದಲ್ಲಿ ಅಂಟಿದ್ದ ಕಂದು ಚೂರುಗಳನ್ನ ಮರದ ಸೌಟಲ್ಲಿ ಕೆರೆದ್ರೆ ಒಂದೇ ಏಟಿಗೆ ಬಿಟ್ಕೊಂಡು ಕರಗುತ್ತೆ, ತೊಳೆಯೋವಾಗ ಶಾಪ ಹಾಕ್ತಿದ್ದ ಅದೇ ಕರೆಯೇ ಸಾಸ್‌ನ ಜೀವ ಅಂತ ನನಗೆ ತಡವಾಗಿ ಗೊತ್ತಾಗಿದ್ದು. ಪ್ಯಾನ್ ಬೀಡು ಕಬ್ಬಿಣದ್ದಾದ್ರೆ ಹುಳಿ ಜಾಸ್ತಿ ಹೊತ್ತು ಕುದಿಸಬಾರದು, ಲೋಹದ ರುಚಿ ಇಳಿಯುತ್ತೆ, ಎರಡು ಮೂರು ನಿಮಿಷಕ್ಕೇನೂ ಆಗಲ್ಲ. ಆಮೇಲೆ ಜೇನು, ಸೋಯಾ ಸಾಸು, ಎರಡು ಚಮಚ ನೀರು. ಮೊದಲು ಸಣ್ಣ ಸಣ್ಣ ಗುಳ್ಳೆ ಬಡಬಡ ಒಡೀತಾವೆ, ಸ್ವಲ್ಪ ಹೊತ್ತಿಗೆ ಗುಳ್ಳೆ ದಪ್ಪ ಆಗಿ ಸೋಮಾರಿ ತರ ಉಬ್ಬಿ ನಿಧಾನ ಒಡೀತಾವೆ, ಸೌಟು ಎಳೆದ ದಾರಿ ಒಂದು ಕ್ಷಣ ಹಾಗೇ ಉಳಿದು ಆಮೇಲೆ ಮುಚ್ಕೊಳ್ಳುತ್ತೆ. ಅದೇ ಹದ. ಇನ್ನರ್ಧ ನಿಮಿಷ ಫೋನ್ ನೋಡಿದ್ರೆ ಪಾಕ ಗಟ್ಟಿ.

ರುಚಿ ನೋಡಿ ಹುಳಿ ಜಾಸ್ತಿ ಅನ್ಸಿದ್ರೆ ಜೇನು, ಸಿಹಿ ಜಾಸ್ತಿ ಅನ್ಸಿದ್ರೆ ವಿನಿಗರ್, ಹೀಗೆ ಹಗ್ಗಜಗ್ಗಾಟ ಆಡ್ತಾ ಆಡ್ತಾ ಒಂದ್ಸಲ ಸಾಸ್ ಚಿಕನ್‌ಗಿಂತ ಜಾಸ್ತಿ ಆಗಿತ್ತು. ಜೇನು ಹಾಕಿದ್ರೆ ಹುಳಿ ಎಲ್ಲೂ ಹೋಗಲ್ಲ ನೋಡಿ, ಅಷ್ಟೂ ಅಲ್ಲೇ ಇರುತ್ತೆ, ನಾಲಿಗೆಗೆ ಕಮ್ಮಿ ಅನ್ಸುತ್ತೆ ಅಷ್ಟೇ. ಬಹಳ ಸಲ ಬೇಕಾಗಿರೋದು ಎರಡೂ ಅಲ್ಲ, ಒಂದು ಚಿಟಿಕೆ ಉಪ್ಪು.

ಚಿಕನ್ ವಾಪಸ್ ಹಾಕಿ, ಮಗುಚಿ, ಒಳಗೆ ಬೆಂದಿದೆ ಅಂತ ಖಾತ್ರಿ ಮಾಡ್ಕೊಂಡು, ಬೆಣ್ಣೆ ಹಾಕಿ ಸ್ಟವ್ ಆಫ್. ಮೈಯೆಲ್ಲ ಹೊಳೀತಾ ಕೂತಿರುತ್ತೆ. ಈಗ ಇನ್ನೊಂದು ಐದು ನಿಮಿಷ ಮುಟ್ಟಬಾರದಂತೆ, ಬಿಸಿ ಹದಕ್ಕೆ ಬಂದು ಸಾಸ್ ಅಂಟ್ಕೊಳ್ಳೋಕೆ. ಮೊನ್ನೆ ಸರಿಯಾಗಿ ಆ ಹೊತ್ತಿಗೇ ಅಕ್ಕ ಫೋನ್ ಮಾಡಿದ್ಲು.

"ಆಯ್ತೇನೋ? ಹಾಗೇ ಬಿಟ್ಟಿದೀಯ ತಾನೇ?"

"ಹೂಂ ಕಣೇ, ಮುಟ್ಟೇ ಇಲ್ಲ" ಅಂದೆ, ಬಾಯಲ್ಲಿದ್ದ ಬಿಸಿ ಪೀಸನ್ನ ಕೆನ್ನೆ ಪಕ್ಕಕ್ಕೆ ತಳ್ಳಿ.