9 ಸೆಂಟ್ಸ್ ಜಾಗ ಮತ್ತು ದೋಣಿಯಲ್ಲಿ ಉಳಿದ ಜೆಬೆದಾಯ

ಅಣ್ಣನ ಮೇಲೆ ಪಾಲಿನ ದಾವೆ ಹಾಕಿ 6 ವರ್ಷ ಕೋರ್ಟಿಗೆ ಅಲೆದವನು ನಾನು. ಜಗಳ 9 ಸೆಂಟ್ಸ್ ಜಾಗದ್ದು, ಅಂದರೆ ಎಕರೆಯ ನೂರರಲ್ಲಿ ಒಂಬತ್ತು ಪಾಲು. ಒಂದು ಹಳೆ ಬಾವಿ, ಎರಡು ತೆಂಗು, ಒಂದು ಹಲಸಿನ ಮರ. ಅಷ್ಟೇ. ಇಷ್ಟಕ್ಕೆ ಇಷ್ಟು ರಂಪವಾ ಅಂತ ನಿಮಗೆ ಅನಿಸಬಹುದು. ಮಂಗಳೂರಿನ ಆಸುಪಾಸಿನಲ್ಲಿ ಸೆಂಟ್ಸಿಗೆ ಈಗ ಏನು ರೇಟು ಅಂತ ಗೊತ್ತಿದ್ದವರಿಗೆ ಹಾಗೆ ಅನಿಸುವುದಿಲ್ಲ.

ಆ 6 ವರ್ಷದಲ್ಲಿ ನಾನು ಭಾನುವಾರದ ಆರಾಧನೆ ತಪ್ಪಿಸಿದ್ದು ಕಡಿಮೆ. ಅಣ್ಣನೂ ಹಾಗೆಯೇ. ಅವನು ಎಡಗಡೆ ಬಾಗಿಲ ಹತ್ತಿರದ ಬೆಂಚು, ನಾನು ಬಲಗಡೆ ಫ್ಯಾನಿನ ಕೆಳಗೆ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ದಿನ ಒಬ್ಬ ಹೋಗಿ ಬಂದು ಕೂತ ಮೇಲೆಯೇ ಇನ್ನೊಬ್ಬ ಏಳುತ್ತಿದ್ದ. ಸಭೆಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಮ್ಮಲ್ಲಿ 'ಯೇಸುವಿಗಾಗಿ ಬಿಟ್ಟೆ' ಅಂತ ಸಾಕ್ಷಿ ಹೇಳುವವರು ಜಾಸ್ತಿ ಹೇಳುವುದು ಕುಡಿತ, ಬೀಡಿ, ಇಸ್ಪೀಟು. ಬಿಟ್ಟಿದ್ದು ಒಳ್ಳೆಯದೇ. ಆದರೆ ಡಾಕ್ಟರೂ ಅದನ್ನೇ ಬಿಡಿ ಅಂತಾರೆ, ಹೆಂಡತಿಯೂ ಅದನ್ನೇ ಬಿಡಿ ಅಂತಾಳೆ. ಕಾಗದ ಪತ್ರ ಸರಿ ಇರುವ, ನ್ಯಾಯವಾಗಿ ನಮ್ಮದೇ ಆದ ಒಂದನ್ನು ಬಿಡು ಅಂದರೆ? ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಶ್ರೀಮಂತನ ಗೋಳು ಅದೇ. ಅವನು ಕಳ್ಳನಲ್ಲ, ಮೋಸಗಾರನಲ್ಲ. ಚಿಕ್ಕಂದಿನಿಂದ ಎಲ್ಲ ಆಜ್ಞೆ ಪಾಲಿಸಿದವನು. ಯೇಸು ಅವನನ್ನು ನೋಡಿ ಪ್ರೀತಿಸಿದ ಅಂತ ಮಾರ್ಕ ಬರೆಯುತ್ತಾನೆ, ಅದೇ ಕತೆ ಹೇಳುವ ಮತ್ತಾಯ, ಲೂಕ ಆ ಮಾತು ಬರೆದಿಲ್ಲ. ಪ್ರೀತಿಸಿದ ಮೇಲೂ, ಇದ್ದದ್ದೆಲ್ಲ ಮಾರಿ ಬಡವರಿಗೆ ಕೊಡು ಅಂದ, ಚೌಕಾಸಿ ಮಾಡಲಿಲ್ಲ. ಅವನು ಮುಖ ಸಣ್ಣದು ಮಾಡಿಕೊಂಡು ಹೋದಾಗ 'ನಿಲ್ಲಪ್ಪ, ಅರ್ಧ ಕೊಟ್ಟರೂ ಸಾಕು' ಅಂತ ಹಿಂದಿನಿಂದ ಕೂಗಲಿಲ್ಲ. ತಮಾಷೆ ನೋಡಿ, ಸುಂಕ ವಸೂಲಿಯ ಜಕ್ಕಾಯ ತಾನಾಗಿಯೇ ಅರ್ಧ ಕೊಡ್ತೇನೆ ಅಂದಾಗ ಒಪ್ಪಿಕೊಂಡ. ಎಲ್ಲರಿಗೂ ಒಂದೇ ರೇಟಿಲ್ಲ.

ನನಗೆ ಚುಚ್ಚಿದ್ದು ಮಾತ್ರ ಬೇರೆ ವಾಕ್ಯ. ಲೂಕ 12ರಲ್ಲಿ ಗುಂಪಿನಿಂದ ಒಬ್ಬ ಬರುತ್ತಾನೆ, ನನ್ನಂಥವನೇ. 'ಬೋಧಕನೇ, ನನ್ನ ಅಣ್ಣತಮ್ಮನಿಗೆ ಹೇಳು, ಆಸ್ತಿ ಪಾಲು ಮಾಡಿಕೊಡಲಿ.' ನನ್ನನ್ನು ನಿಮ್ಮ ಮೇಲೆ ನ್ಯಾಯಾಧಿಪತಿಯಾಗಿ ನೇಮಿಸಿದವರು ಯಾರು ಅಂತ ಯೇಸು ತಿರುಗಿ ಕೇಳುತ್ತಾನೆ. ಅವನ ಕೇಸಲ್ಲಿ ನ್ಯಾಯ ಇತ್ತೋ ಇಲ್ಲವೋ, ಅದರ ವಿಚಾರಣೆಯನ್ನೇ ಮಾಡುವುದಿಲ್ಲ. ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆಯುವಾಗ ಇನ್ನೂ ನೇರ. ಸಹೋದರ ಸಹೋದರರು ಕೋರ್ಟಿಗೆ ಹೋಗಿದ್ದೇ ನಿಮ್ಮ ಸೋಲು, ಅನ್ಯಾಯವಾದರೆ ಯಾಕೆ ಸಹಿಸಿಕೊಳ್ಳಬಾರದು ಅಂತ ಕೇಳುತ್ತಾನೆ. ಓದಿ ಪುಸ್ತಕ ಮುಚ್ಚಿಟ್ಟೆ. ಮರುದಿನ ವಾಯಿದೆ ಇತ್ತು, ಹೋದೆ. ವಕೀಲರು ಬಂದಿರಲಿಲ್ಲ, ಮುಂದಕ್ಕೆ ಹಾಕಿದರು.

ಆಮೇಲೆ ಒಂದು ಸಂಜೆ ಹೆಂಡತಿಗೆ ಹೇಳಿದೆ, 'ಕೇಸು ಬಿಟ್ಟುಬಿಡೋಣ ಅಂತ ಅನಿಸ್ತಿದೆ.' ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. 'ನಿಮ್ಮೊಬ್ಬರದ್ದೇ ಆದರೆ ಬಿಡಿ. ನಾಳೆ ಅದು ಮಗಳಿಗೆ ಬರಬೇಕಾದ್ದು. ಅವಳನ್ನು ಕೇಳಿದ್ರಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಿಡುವ ಗುಂಗಿನಲ್ಲಿದ್ದೆ. ಬಿಟ್ಟದ್ದರ ಲೆಕ್ಕ ಯಾರ ಖಾತೆಗೆ ಬೀಳುತ್ತದೆ ಅಂತ ನೋಡಿರಲಿಲ್ಲ.

ಮೀನು ಹಿಡಿಯುವ ಅಣ್ಣತಮ್ಮಂದಿರು ಯಾಕೋಬ ಯೋಹಾನರು ಯೇಸು ಕರೆದಾಗ ಬಲೆ ಬಿಟ್ಟು ಹೋದ ಕತೆ ಭಾನುವಾರ ಶಾಲೆಯಲ್ಲೇ ಕಲಿತದ್ದು. ಆದರೆ ಮಾರ್ಕ ಅಲ್ಲಿ ಇನ್ನೊಂದು ಮಾತು ಸೇರಿಸುತ್ತಾನೆ. ಅವರು ತಂದೆ ಜೆಬೆದಾಯನನ್ನು ಕೂಲಿಯಾಳುಗಳ ಜೊತೆ ದೋಣಿಯಲ್ಲಿ ಬಿಟ್ಟು ಹೋದರಂತೆ. ಆ ಮುದುಕ ಅವತ್ತು ಸಂಜೆ ಏನು ಮಾಡಿದನೋ. ಅರ್ಧ ಸರಿಮಾಡಿದ ಬಲೆ ಕೈಯಲ್ಲಿ, ಪಕ್ಕದಲ್ಲಿ ಕೂಲಿಯವರು. ಪುಣ್ಯಕ್ಕೆ ಕೂಲಿಯವರಾದರೂ ಇದ್ದರು.

ನಮ್ಮ ಊರಿನ ಚರಿತ್ರೆಯಲ್ಲೂ ಈ ದೋಣಿ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರ ಜನವರಿಯಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತನಾದ. ಮನೆ ಹೋಯಿತು, ಜಾತಿ ಹೋಯಿತು. ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ವಾಪಸ್ ಬಂದರು. ಮದುವೆಯಾಗಿದ್ದ ಹುಡುಗಿ ಅವರ ಜೊತೆ ಬರಲೇ ಇಲ್ಲ. ಎಷ್ಟೋ ವರ್ಷದ ಮೇಲೆ, 1860ರಲ್ಲಿ, ಅವರು ಜರ್ಮನಿಯ ಹೆಣ್ಣನ್ನು ಮದುವೆಯಾದರು. ಕೌಂಡಿನ್ಯರ ತ್ಯಾಗದ ಬಗ್ಗೆ ನಮ್ಮ ಸಭೆಗಳಲ್ಲಿ ಪ್ರಸಂಗ ಕೇಳಿದ್ದೇನೆ. ಆ ಹುಡುಗಿಯ ಹೆಸರನ್ನು ಒಬ್ಬರ ಬಾಯಲ್ಲೂ ಕೇಳಿಲ್ಲ. ಗಂಡ ಬದುಕಿದ್ದೂ ಇಲ್ಲದ ಹಾಗೆ ಅವಳು ಆ ಕಾಲದಲ್ಲಿ ಹೇಗೆ ಬಾಳಿದಳು? ಅವಳೇನು ಯಾರ ಹಿಂದೆಯೂ ಹೊರಟವಳಲ್ಲ.

ನಮ್ಮ ಮನೆತನದ್ದು ಇಷ್ಟು ದೊಡ್ಡ ಕತೆಯಲ್ಲ. ನಾವು ಕಳ್ಳು ಇಳಿಸುವ ಮೂರ್ತೆ ಕುಲಕಸುಬಿನ ಬಿಲ್ಲವರಿಂದ ಬಂದವರು. ಸಭೆಗೆ ಸೇರಿದವರು ಕಳ್ಳು ಇಳಿಸಬಾರದು ಅಂತ ಮಿಷನ್ನಿನವರ ಕಟ್ಟಪ್ಪಣೆ. ಮೂರ್ತೆ ಕಸುಬು ಬಿಟ್ಟ ಮೇಲೆ ಊಟಕ್ಕೇನು? ಹೊಲ ಬೇರೆಯವರದ್ದು, ಧಣಿಗೆ ಸಿಟ್ಟು ಬಂದರೆ ಅದೂ ಇಲ್ಲ. ಬಿಡಿಸಿದವರ ತಲೆಮೇಲೇ ಆ ಹೊರೆ ಬಿತ್ತು. ನೇಯ್ಗೆ ಶುರು ಮಾಡಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಅಂದರೆ ಎಲ್ಲರಿಗೂ ಕೆಂಪು ಮಾಡು ನೆನಪಾಗುತ್ತದೆ. ನನಗೆ ನೆನಪಾಗುವುದು ಕತ್ತಿ ಕೆಳಗಿಟ್ಟು ಮರ ಇಳಿದವರು. ಮಿಷನ್ನಿನವರ ಬಗ್ಗೆ ನನಗೆ ತಕರಾರು ಸಾಕಷ್ಟಿದೆ, ಈ ಒಂದು ವಿಷಯದಲ್ಲಿ ಮಾತ್ರ ಮೆಚ್ಚುತ್ತೇನೆ. ಬಿಡು ಅಂತ ಹೇಳಿ ಸುಮ್ನೆ ಕೂರಲಿಲ್ಲ. ಈಗ ವೇದಿಕೆ ಮೇಲೆ ನಿಂತು 'ಕೆಲಸ ಬಿಡಿ, ಮನೆಯವರನ್ನು ಬಿಡಿ' ಅಂತ ಅಬ್ಬರಿಸುವವರನ್ನು ಕಂಡಾಗೆಲ್ಲ, ನಿಮ್ಮ ಕಾರ್ಖಾನೆ ಎಲ್ಲಿದೆ ಸ್ವಾಮಿ ಅಂತ ಕೇಳಬೇಕು ಅನಿಸುತ್ತದೆ.

ಯೇಸುವೂ ಎಲ್ಲರಿಗೂ ಬಿಟ್ಟು ಬಾ ಅನ್ನಲಿಲ್ಲವಲ್ಲ. ದೆವ್ವ ಬಿಟ್ಟ ಮನುಷ್ಯ ನಿನ್ನ ಜೊತೆ ಬರ್ತೇನೆ ಅಂತ ದೋಣಿ ಹತ್ತಿರ ಅಂಗಲಾಚಿದಾಗ, ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು ಅಂತ ವಾಪಸ್ ಕಳಿಸಿದ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು 'ಇದು ಕೊರ್ಬಾನ್, ದೇವರಿಗೆ ಇಟ್ಟದ್ದು' ಅಂತ ನೆಪ ಹೇಳಿದವರಿಗೆ ಸರಿಯಾಗಿ ಬೈದ. ಹಾಗಾಗಿ ಹೆಂಡತಿಯ ಪ್ರಶ್ನೆಯನ್ನು ಅಪನಂಬಿಕೆ ಅಂತ ತಳ್ಳಿಹಾಕುವ ಧೈರ್ಯ ನನಗೆ ಬರಲಿಲ್ಲ. ಮಗಳನ್ನು ಕೂರಿಸಿ ಕೇಳಿದೆ. ಅವಳು ಫೋನ್ ಕೆಳಗಿಟ್ಟು, 'ದೊಡ್ಡಪ್ಪನ ಮನೆಗೆ ಮತ್ತೆ ಹೋಗಬಹುದಾ?' ಅಂತ ಕೇಳಿದಳು. ಹೆಂಡತಿ ಅದಕ್ಕೂ ಒಪ್ಪಲಿಲ್ಲ, ಚಿಕ್ಕ ಹುಡುಗಿಗೆ ಏನು ಗೊತ್ತು ಅಂದಳು. ಅವಳು ಹೇಳಿದ್ದೂ ಸರಿಯೇ.

ಕೊನೆಗೆ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು. ಬಾವಿ ಇಬ್ಬರಿಗೂ, ಜಾಗ ಅಣ್ಣನಿಗೆ. ರಾಜಿಯಾದರೆ ಕೋರ್ಟ್ ಫೀ ವಾಪಸ್ ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಸಹಿ ಹಾಕುವಾಗ ಮನಸ್ಸು ಹಗುರವಾಗಲಿಲ್ಲ, ಹೊಟ್ಟೆ ಉರಿಯಿತು. ಅಣ್ಣ ಪೆನ್ನು ವಾಪಸ್ ಕೊಡುವಾಗ 'ಮಧ್ಯಾಹ್ನ ಆಯ್ತು, ಊಟ ಮಾಡಿ ಹೋಗುವಾ' ಅಂದ. ಹೋಟೆಲಿನಲ್ಲಿ ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಬಿಲ್ಲು ಕೊಡಲು ಇಬ್ಬರೂ ಎದ್ದೆವು.

ಮುಂದಿನ ಭಾನುವಾರ ನಾಲ್ಕು ಜನ ಬಂದು ಕೈ ಕುಲುಕಿದರು. 'ದೊಡ್ಡ ಮನಸ್ಸು ಮಾಡಿದಿರಿ' ಅಂದರು. ಆಗ ಅಕ್ಕ ನೆನಪಾದಳು. ನಮ್ಮ ಕ್ರೈಸ್ತರಿಗಿರುವ ಉತ್ತರಾಧಿಕಾರ ಕಾನೂನಿನಲ್ಲಿ ಗಂಡಿಗೂ ಹೆಣ್ಣಿಗೂ ಸಮಪಾಲು. ಅಪ್ಪ ತೀರಿಕೊಂಡ ವರ್ಷ ಅವಳು ಬಸ್ಸಿನಲ್ಲಿ ಬಂದು, ನಮ್ಮಿಬ್ಬರ ಹೆಸರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿ ಹೋಗಿದ್ದಳು. ನಾವು ಕೇಳಿದ್ದೆವು, ಅವಳು ಕೊಟ್ಟಳು. ಯಾರೂ ಕೈ ಕುಲುಕಿರಲಿಲ್ಲ. ಚಹಾ ಕೊಟ್ಟು, ಕತ್ತಲಾಗುವ ಮೊದಲು ಹೊರಡು ಅಂತ ಬಸ್ಸು ಹತ್ತಿಸಿದ್ದೆವು. ಹಾಗೆ ಅವಳಿಂದ ಬಿಡಿಸಿಕೊಂಡ ಜಾಗಕ್ಕೇ ನಾವಿಬ್ಬರು 6 ವರ್ಷ ಬಡಿದಾಡಿದ್ದು.

ಈ ಸಲ ಮಳೆ ಹಿಡಿಯುವ ಮೊದಲು ಅತ್ತಿಗೆ ಹಲಸಿನ ಹಣ್ಣು ಕಳಿಸಿದ್ದರು. ಬಕ್ಕೆ ಜಾತಿಯದ್ದು, ಅರ್ಧ ಕಡಿ, ಮೇಣ ಪೇಪರಿಗೆ ಅಂಟಿಕೊಂಡಿತ್ತು. ಕೈಗೆ ಎಣ್ಣೆ ಸವರಿಕೊಂಡು ಬಿಡಿಸುತ್ತಾ, 'ನಮ್ಮ ಮರದ್ದೇ ಅಲ್ವಾ' ಅಂತ ನನ್ನ ಬಾಯಿಂದ ಬಂದೇ ಹೋಯಿತು. ಹೆಂಡತಿ ನನ್ನ ಮುಖ ನೋಡಿದಳು.

'ಅಕ್ಕನಿಗೆ ಕಳಿಸಿದ್ದಾರಂತಾ?' ಅಂತ ಕೇಳಿದಳು.

ನಾನು ಅಣ್ಣನಿಗೆ ಇನ್ನೂ ಫೋನ್ ಮಾಡಿ ಕೇಳಿಲ್ಲ.