ರೋಬೋಟ್ ಇದೆಯೇ ಎಂದು ಕೇಳುವ ಮೊದಲು

ಕಳೆದ ವರ್ಷ ಭಾವನಿಗೆ ಗುದನಾಳದ ಕ್ಯಾನ್ಸರ್ ಎಂದು ತಿಳಿದ ರಾತ್ರಿ, ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ: “ಆ ಆಸ್ಪತ್ರೆಯಲ್ಲಿ ರೋಬೋಟ್ ಇದೆಯೇ?” ಎರಡನೆಯದು ಖರ್ಚಿನದು. ಕೊಯ್ಯುವವರು ಯಾರು, ಇಂಥ ಆಪರೇಷನ್‌ಗಳನ್ನು ಎಷ್ಟು ಮಾಡಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪತ್ರಿಕೆಗಳ ಮುಖಪುಟದ ಜಾಹೀರಾತು ನೋಡಿ ನೋಡಿ ನನ್ನ ತಲೆಯಲ್ಲೂ ಯಂತ್ರವೇ ಕುಳಿತಿತ್ತು.

ಆದರೆ ಮನಸ್ಸು ಹೋದದ್ದು ದೊಡ್ಡಪ್ಪನ ಕಡೆಗೆ. ತೊಂಬತ್ತರ ದಶಕದಲ್ಲಿ ಅವರಿಗೂ ಇದೇ ಕಾಯಿಲೆ. ಗುದದ್ವಾರವನ್ನೂ ಸೇರಿಸಿ ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಗೆ ತಂದು ಚೀಲ ಕಟ್ಟಿದ್ದರು. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ವಿವರಿಸಿದ ಶಸ್ತ್ರಚಿಕಿತ್ಸೆ ಅದು. ಜೀವ ಉಳಿಯಿತು, ಇನ್ನೂ ಹನ್ನೊಂದು ವರ್ಷ ಬದುಕಿದರು. ಚೀಲ ದುಬಾರಿ ಎಂದು ದೊಡ್ಡಮ್ಮ ಅದನ್ನೇ ತೊಳೆದು, ಯಾರಿಗೂ ಕಾಣದಂತೆ ಹಿತ್ತಲಿನ ಮಲ್ಲಿಗೆ ಚಪ್ಪರದ ಹಿಂದೆ ಒಣಗಿಸುತ್ತಿದ್ದರು. ಆಮೇಲೆ ದೊಡ್ಡಪ್ಪ ಪಂಕ್ತಿಯಲ್ಲಿ ಊಟಕ್ಕೆ ಕುಳಿತದ್ದನ್ನು ನಾನು ನೋಡಲೇ ಇಲ್ಲ. ಮದುವೆಗೆ ಬಂದರೂ ಮುಯ್ಯಿ ಕೊಟ್ಟು ಹೊರಟುಬಿಡುತ್ತಿದ್ದರು.

ಭಾವನ ಶಸ್ತ್ರವೈದ್ಯರು ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಎರಡು ವೃತ್ತ ಬರೆದು ತೋರಿಸಿದರು. ಒಳಗಿನದು ಗುದನಾಳ, ಹೊರಗಿನದು ಅದರ ಸುತ್ತಲಿನ ಕೊಬ್ಬಿನ ಹೊದಿಕೆ. ರೋಗ ಮೊದಲು ಹಬ್ಬುವ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಆ ಹೊದಿಕೆಯಲ್ಲೇ ಇರುತ್ತವೆ. ಹಿಂದೆಲ್ಲ ಸೊಂಟದ ಇಕ್ಕಟ್ಟಿನೊಳಗೆ ಕೈ ಇಳಿಸಿ, ಹೆಚ್ಚುಕಡಿಮೆ ಅಂದಾಜಿನ ಮೇಲೆಯೇ ಬಿಡಿಸುತ್ತಿದ್ದರಂತೆ. ಹೊದಿಕೆ ಹರಿದು ಚೂರುಪಾರು ಒಳಗೇ ಉಳಿದರೆ ಅಲ್ಲಿಂದಲೇ ರೋಗ ಮತ್ತೆ ಚಿಗುರುತ್ತಿತ್ತು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ 1982ರಲ್ಲಿ ಹೇಳಿದ್ದು ಇಷ್ಟು: ಹೊದಿಕೆಗೂ ಸುತ್ತಲಿನ ಗೋಡೆಗೂ ನಡುವೆ ಒಂದು ತೆಳು ಸಂದು ಇದೆ. ಕಣ್ಣಿಟ್ಟು ಆ ಸಂದಿನಲ್ಲೇ ಸಾಗಿದರೆ ಹೊದಿಕೆ ಇಡಿಯಾಗಿ ಬರುತ್ತದೆ, ರಕ್ತ ಹೆಚ್ಚು ಹೋಗುವುದಿಲ್ಲ, ಮೂತ್ರಕ್ಕೂ ದಾಂಪತ್ಯಕ್ಕೂ ಬೇಕಾದ ನರಗಳನ್ನು ಉಳಿಸಿಕೊಳ್ಳಬಹುದು. ಹಲಸಿನ ತೊಳೆಯನ್ನು ಹರಿಯದಂತೆ ಬಿಡಿಸಿದವರಿಗೆ ಇದು ಅರ್ಥವಾದೀತು. 1986ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಐದು ವರ್ಷದಲ್ಲಿ ಅದೇ ಜಾಗದಲ್ಲಿ ರೋಗ ಮರುಕಳಿಸಿದ್ದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಜನರಿಗೆ. ಆ ಕಾಲಕ್ಕೆ ಬೇರೆ ಕಡೆ ಇಪ್ಪತ್ತು, ಮೂವತ್ತು ಎಂದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾರ್ವೆ, ಸ್ವೀಡನ್‌ಗಳ ಶಸ್ತ್ರವೈದ್ಯರು ಇದನ್ನು ಕೂತು ಕಲಿತ ಮೇಲೆ ಅಲ್ಲಿಯೂ ಮರುಕಳಿಕೆ ಇಳಿಯಿತು. ಹೊಸ ಯಂತ್ರ ಯಾವುದೂ ಬಂದಿರಲಿಲ್ಲ, ನೋಡಿ. ಕೈ ಅದೇ, ಕತ್ತರಿ ಅದೇ.

ರೋಬೋಟ್ ತಾನಾಗಿ ಏನನ್ನೂ ಕೊಯ್ಯುವುದಿಲ್ಲ, ಪಕ್ಕದಲ್ಲಿ ಕುಳಿತ ವೈದ್ಯರ ಕೈ ಆಡಿದಂತೆ ಆಡುತ್ತದೆ. 2017ರಲ್ಲಿ ಹಲವು ದೇಶಗಳ 471 ರೋಗಿಗಳ ಅಧ್ಯಯನ ಪ್ರಕಟವಾಯಿತು. ಕೀಹೋಲ್‌ನಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ, ಆರಂಭಿಸಿ ಕೊನೆಗೆ ಹೊಟ್ಟೆ ತೆರೆಯಬೇಕಾಗಿ ಬರುವುದನ್ನು ರೋಬೋಟ್ ಗಣನೀಯವಾಗಿ ತಪ್ಪಿಸುತ್ತದೆ ಎಂದು ಅದರಲ್ಲಿ ಕಾಣಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಆಮೇಲೆ ಚೀನಾದಲ್ಲಿ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ ಕೆಳಭಾಗದ ಗಡ್ಡೆಗಳಿಗೆ ರೋಬೋಟ್‌ನಿಂದ ಅನುಕೂಲ ಕಂಡಿದೆ. ಆದರೆ ಅಲ್ಲಿಯೂ ಅದನ್ನು ಆಡಿಸಿದವರು ಪಳಗಿದ ಕೈಗಳೇ.

ನನ್ನನ್ನು ಬೆರಗುಗೊಳಿಸಿದ್ದು ಕೊಯ್ಯದೇ ಬಿಡುವ ವಿದ್ಯೆ. ವಿಕಿರಣ ಮತ್ತು ಕೀಮೋದಿಂದ ಗಡ್ಡೆ ಪೂರ್ತಿ ಮಾಯವಾದವರನ್ನು ಆಪರೇಷನ್ ಮಾಡದೆ ನಿಗಾದಲ್ಲಿಡಬಹುದು ಎಂದು ಬ್ರೆಜಿಲ್‌ನ ಆಂಜೆಲಿಟಾ ಹಾಬ್ರ್ ಗಾಮಾ 2004ರಲ್ಲಿ ತೋರಿಸಿದರು. ಅವರು ಸ್ವತಃ ಶಸ್ತ್ರವೈದ್ಯೆ! 2022ರಲ್ಲಿ ನ್ಯೂಯಾರ್ಕ್‌ನಲ್ಲಿ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧದ ಚಿಕಿತ್ಸೆ ಪೂರ್ತಿ ಮುಗಿಸಿದ ಮೊದಲ 12 ಜನರಲ್ಲಿ ಹನ್ನೆರಡೂ ಜನರ ಗಡ್ಡೆ ಕರಗಿತು. ಅದು ಒಂದು ವಿಶೇಷ ಬಗೆಯ, ನೂರಕ್ಕೆ ಐದೋ ಹತ್ತೋ ಜನರಲ್ಲಿ ಕಾಣುವ ಗಡ್ಡೆಗೆ ಮಾತ್ರ. ಭಾವನದು ಆ ಬಗೆಯಲ್ಲ.

ಐದು ವಾರದ ವಿಕಿರಣ, ಕೀಮೋ, ಆಮೇಲೆ ಕೀಹೋಲ್ ಆಪರೇಷನ್. ರೋಬೋಟ್ ಇರಲಿಲ್ಲ. ಗುದದ್ವಾರಕ್ಕೆ ಅಷ್ಟು ಸಮೀಪ ಕೈಯಿಂದ ಹೊಲಿಗೆ ಹಾಕುವುದು ಕಷ್ಟವಾದ್ದರಿಂದ ಸ್ಟೇಪ್ಲರ್‌ನಿಂದ ಕರುಳು ಜೋಡಿಸಿದರು. ದೊಡ್ಡಪ್ಪನಿಗೆ ವಾರಗಟ್ಟಲೆ ಉಪವಾಸ; ದಿನ ಬೆಳಗಾದರೆ ನರ್ಸ್ “ಗಾಳಿ ಹೋಯಿತೇ?” ಎಂದು ಕೇಳುತ್ತಿದ್ದರು, ಹೋಯಿತು ಎಂದ ದಿನ ಮನೆಯಲ್ಲಿ ಹಬ್ಬ. ಭಾವನಿಗೆ ಮರುದಿನವೇ ಗಂಜಿ ಕೊಟ್ಟು ಮಧ್ಯಾಹ್ನ ವಾರ್ಡಿನಲ್ಲಿ ನಡೆಸಿದರು. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ತೊಂಬತ್ತರ ದಶಕದಲ್ಲಿ ಆರಂಭಿಸಿದ ಕ್ರಮವಿದು. ಅಕ್ಕ ಮಾತ್ರ “ಹೊಲಿಗೆ ಬಿಚ್ಚಿಕೊಂಡರೆ?” ಎಂದು ಹಿಂದೆಯೇ ಓಡಾಡುತ್ತಿದ್ದಳು.

ಸಿಟ್ಟು ಬರುವುದು ಒಂದಕ್ಕೆ. ಇದಕ್ಕೂ ಮೊದಲು ಏಳು ತಿಂಗಳು ಭಾವ ಮೂಲವ್ಯಾಧಿಯ ಪುಡಿ ನುಂಗಿದ್ದರು. ಮೂರು ಕಡೆ ತೋರಿಸಿದ್ದರು. ಒಬ್ಬರೂ ಗ್ಲೌಸ್ ಹಾಕಿ ಬೆರಳಿಟ್ಟು ನೋಡಿರಲಿಲ್ಲ. ಭಾವನಿಗೂ ನಾಚಿಕೆ, ಅವರಿಗೂ ನಾಚಿಕೆ. ಅರ್ಧ ನಿಮಿಷದ ಪರೀಕ್ಷೆಯದು.

ಜೋಡಿಸಿದ ಕರುಳು ಮಾಯುವವರೆಗೆ ಭಾವನಿಗೂ ಚೀಲ ಇತ್ತು, ಮೂರು ತಿಂಗಳು. ಆಮೇಲೆ ಹೊಟ್ಟೆಯ ಮೇಲಿನ ಆ ರಂಧ್ರ ಮುಚ್ಚಿದರು. ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ದಿನಕ್ಕೆ ಐದಾರು ಸಲ ಹೋಗಬೇಕು, ಅದೂ ತಡೆಯಲಾಗದ ಅವಸರದಲ್ಲಿ. ಸುಧಾರಿಸಲು ವರ್ಷವೇ ಬೇಕಾಗಬಹುದಂತೆ. ಹೋದ ತಿಂಗಳು ನೆಂಟರ ಮದುವೆಯಲ್ಲಿ, ಛತ್ರಕ್ಕೆ ಕಾಲಿಟ್ಟ ಕೂಡಲೇ ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡು ಬಂದರು. ಆಮೇಲೆ ಎರಡನೇ ಪಂಕ್ತಿಯಲ್ಲಿ, ಬಾಗಿಲಿಗೆ ಹತ್ತಿರದ ಎಲೆ ಹಿಡಿದು ಕುಳಿತರು.